ಬಸ್ಸಿಗೆ ಯುವಿ ದೀಪ ಹಾಕುವವನ ಅನುಭವದ ಪಾಠಗಳು

ಕುಡಿಯುವ ನೀರನ್ನು ಯುವಿ ಬೆಳಕಿನಿಂದ ಶುದ್ಧಮಾಡುವ ಘಟಕಗಳನ್ನು ಕಟ್ಟಿಕೊಡುವುದು ನನ್ನ ಕಸುಬು. ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಶೆಡ್ಡು. 2020ರ ಬೇಸಿಗೆಯಲ್ಲಿ ಅಲ್ಲಿಗೆ ನೀರಿನವರ ಬದಲು ಬಸ್ಸಿನವರ ಫೋನು ಬರತೊಡಗಿತು. ಲಾಕ್‌ಡೌನಿನಲ್ಲಿ ನಿಂತಿದ್ದ ಬಸ್ಸುಗಳು ಕರ್ನಾಟಕದಲ್ಲಿ ಮೇ 19ರಿಂದ ಮತ್ತೆ ರಸ್ತೆಗಿಳಿದಾಗ ಜನ ಹತ್ತಲು ಹೆದರುತ್ತಿದ್ದರು. ಶಾಂಘೈಯಲ್ಲಿ ಬಸ್ಸನ್ನು ನೀಲಿ ಬೆಳಕಿನ ಕೋಣೆಯೊಳಗೆ ನಿಲ್ಲಿಸಿ ಹೊರತರುವ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ‘ನಮಗೂ ಅಂಥದ್ದೊಂದು ಮಾಡಿಕೊಡಿ’ ಎಂದವರಲ್ಲಿ ಖಾಸಗಿ ಟ್ರಾವೆಲ್ಸಿನವರು, ಶಾಲಾ ವಾಹನದವರು, ಕಾರ್ಖಾನೆಗಳಿಗೆ ಬಸ್ಸು ಬಿಡುವ ಗುತ್ತಿಗೆದಾರರು ಎಲ್ಲರೂ ಇದ್ದರು. ಆಗಿನಿಂದ ಸೀಟುಗಳ ಮೇಲೆ, ಎ.ಸಿ. ನಾಳದೊಳಗೆ, ನಿಲ್ದಾಣದ ಕೋಣೆಗಳಲ್ಲಿ ಈ ದೀಪ ಹಾಕುತ್ತ, ಕೆಲವು ಕಡೆ ‘ಹಾಕಿಸಬೇಡಿ’ ಎಂದು ಹೇಳುತ್ತ ಬಂದಿದ್ದೇನೆ. ಈ ಬೆಳಕಿನ ಶಕ್ತಿಯಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ಅದನ್ನು ತಪ್ಪು ಜಾಗದಲ್ಲಿ ಉರಿಸಿ ಜನರಿಗೆ ಸುಳ್ಳು ಧೈರ್ಯ ಕೊಡುವುದು ಮಾತ್ರ ನನಗೆ ಸಹಿಸಲಾಗದು.

1. ಮೊದಲು ಡೋಸಿನ ಲೆಕ್ಕ

ಯುವಿ ಬೆಳಕಿನಲ್ಲಿ ಎ, ಬಿ, ಸಿ ಎಂದು ಮೂರು ಪಾಲು. ಎ ಮತ್ತು ಸ್ವಲ್ಪ ಬಿ ಬಿಸಿಲಿನ ಜೊತೆ ನಮಗೆ ತಲುಪುತ್ತವೆ. 200ರಿಂದ 280 ನ್ಯಾನೋಮೀಟರ್ ತರಂಗಾಂತರದ ಸಿ ಪಾಲನ್ನು ಓಝೋನ್ ಪದರ ಮೇಲೆಯೇ ತಡೆದುಬಿಡುತ್ತದೆ. ಪಾದರಸದ ಆವಿ ತುಂಬಿದ ಟ್ಯೂಬಿನಿಂದ 254 ನ್ಯಾನೋಮೀಟರಿನ ಬೆಳಕನ್ನು ನಾವು ಸಲೀಸಾಗಿ ಪಡೆಯಬಹುದು. ಕೊರೊನಾ ವೈರಾಣುವಿನ ಆರ್‌ಎನ್‌ಎ ಈ ಬೆಳಕನ್ನು ಹೀರಿಕೊಂಡಾಗ ಅದರೊಳಗಿನ ಅಕ್ಕಪಕ್ಕದ ಯುರಾಸಿಲ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಆ ವೈರಾಣು ತನ್ನ ಪ್ರತಿ ಮಾಡಿಕೊಳ್ಳಲಾರದು.

ಎಷ್ಟು ಬೆಳಕು ಬೇಕು ಎಂಬುದಕ್ಕೆ ಉತ್ತರ ವಾಟ್‌ನಲ್ಲಿ ಸಿಗುವುದಿಲ್ಲ. ಒಂದು ಜಾಗದ ಮೇಲೆ ಬೀಳುವ ಬೆಳಕಿನ ತೀವ್ರತೆಯನ್ನು ಅದು ಬಿದ್ದ ಸಮಯದಿಂದ ಗುಣಿಸಿದರೆ ಬರುವುದು ಡೋಸ್. 2020ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯ ಕೋವಿಡ್ ವೈರಾಣುವಿನ ಮೇಲೆಯೇ ಪರೀಕ್ಷೆ ಮಾಡಿ ಪ್ರಕಟಿಸಿದ ಅಂಕಿಯ ಪ್ರಕಾರ, ಚದರ ಸೆಂಟಿಮೀಟರಿಗೆ 5 ಮಿಲಿಜೌಲ್ ಬಿದ್ದರೆ ವೈರಾಣುವಿನ ನೂರರಲ್ಲಿ 99 ಪಾಲು ನಿಷ್ಕ್ರಿಯ.

ಈಗ ಡಿಪೋದ ಲೆಕ್ಕಕ್ಕೆ ಬನ್ನಿ. ಸಾಮಾನ್ಯವಾಗಿ ಸಿಗುವ 36 ವಾಟ್ ಯುವಿ ಟ್ಯೂಬು 1 ಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 145 ಮೈಕ್ರೋವಾಟ್ ಕೊಡುತ್ತದೆ. ಅಂದರೆ ಆ 5 ಮಿಲಿಜೌಲ್ ಬೀಳಲು ಅರ್ಧ ನಿಮಿಷ ಕಳೆದು ಸ್ವಲ್ಪ ಹೊತ್ತು ಬೇಕು. 2 ಮೀಟರಿಗೆ ಸರಿಸಿದರೆ ತೀವ್ರತೆ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಸಮಯ ಎರಡು ನಿಮಿಷ ದಾಟುತ್ತದೆ. 3 ಮೀಟರಿಗೆ ಐದು ನಿಮಿಷ. ಇದೆಲ್ಲ ಬೆಳಕು ನೆಟ್ಟಗೆ ಬಿದ್ದಾಗಿನ ಮಾತು. ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು.

ಹಾಗಾಗಿ ‘3 ನಿಮಿಷದಲ್ಲಿ ಶೇ. 99.9’ ಎಂದು ಬ್ರೋಷರಿನಲ್ಲಿ ಬರೆದಿದ್ದರೆ ನಾನು ಕೇಳುವುದು ಒಂದೇ: ಎಷ್ಟು ದೂರದಲ್ಲಿ? ನಮ್ಮ ಡಿಆರ್‌ಡಿಒದವರು 2020ರಲ್ಲಿ ಹೊರತಂದ ಯುವಿ ಗೋಪುರದ ವಿವರಣೆ ಈ ವಿಷಯದಲ್ಲಿ ಮೆಚ್ಚುವಂತಿತ್ತು. 43 ವಾಟ್‌ನ ಆರು ದೀಪ, 12×12 ಅಡಿಯ ಕೋಣೆಗೆ 10 ನಿಮಿಷ, 400 ಚದರ ಅಡಿಗೆ 30 ನಿಮಿಷ ಎಂದು ಜಾಗ ಮತ್ತು ಸಮಯ ಎರಡನ್ನೂ ಸೇರಿಸಿ ಹೇಳಿದ್ದರು. ಕೊಳ್ಳುವವನಿಗೆ ಬೇಕಾದದ್ದು ಆ ಜೋಡಿ ಅಂಕಿ.

2. ಬಸ್ಸು ಬರಿಯ ಕೋಣೆಯಲ್ಲ

ಖಾಲಿ ಕೋಣೆಯ ಲೆಕ್ಕ ಬಸ್ಸಿನೊಳಗೆ ತಲೆಕೆಳಗಾಗುತ್ತದೆ. ನಡುದಾರಿಯಲ್ಲಿ ದೀಪದ ಕಂಬ ನಿಲ್ಲಿಸಿ ಹಚ್ಚಿ, ಕಿಟಕಿ ಪಕ್ಕದ ಸೀಟನ್ನು ನೋಡಿ. ನಡುದಾರಿ ಪಕ್ಕದ ಸೀಟಿನ ಬೆನ್ನು ಅದಕ್ಕೆ ಅಡ್ಡ. ಮುಂದಿನ ಸೀಟಿನ ಹಿಂಬದಿಯ ಕಂಬಿಯ ಮೇಲ್ಮೈಗೆ ಬೆಳಕು ಬೀಳುತ್ತದೆ, ಆದರೆ ಪ್ರಯಾಣಿಕರ ಬೆರಳು ಸುತ್ತಿಕೊಳ್ಳುವುದು ಅದರ ಕೆಳಮೈಗೆ. ಮೇಲಿನಿಂದ ಜೋತುಬಿದ್ದ ಹಿಡಿಕೆಯ ಒಳಬದಿ, ಬಾಗಿಲ ಬಳಿಯ ಕಂಬದ ಆಚೆ ಮಗ್ಗುಲು, ಸೀಟಿನ ತಳದಲ್ಲಿ ಚೀಲ ಇಡುವ ಜಾಗ, ಕಂಡಕ್ಟರ್ ಸೀಟಿನ ಪಕ್ಕದ ಸಂದು, ಇಲ್ಲೆಲ್ಲ ನೇರ ಬೆಳಕು ತಲುಪುವುದೇ ಇಲ್ಲ.

‘ಗೋಡೆಗೆ ಬಿಳಿ ಬಣ್ಣ ಇದೆಯಲ್ಲ, ಬೆಳಕು ಪ್ರತಿಫಲಿಸಿ ಮೂಲೆಮೂಲೆಗೂ ಹೋಗುತ್ತದೆ’ ಎಂದು ಅನೇಕರು ವಾದಿಸುತ್ತಾರೆ. ಕಣ್ಣಿಗೆ ಬಿಳಿ ಕಾಣುವ ಬಣ್ಣ 254 ನ್ಯಾನೋಮೀಟರಿಗೆ ಬಹುಪಾಲು ಕಪ್ಪು. ಅದರಲ್ಲಿನ ಟೈಟಾನಿಯಂ ಡೈಆಕ್ಸೈಡ್ ಈ ಬೆಳಕನ್ನು ನುಂಗಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲು ಕಾಲುಭಾಗದಷ್ಟು ಹಿಂದಿರುಗಿಸೀತು. ಉಜ್ಜಿದ ಅಲ್ಯೂಮಿನಿಯಂ ಮಾತ್ರ ಚೆನ್ನಾಗಿ ಪ್ರತಿಫಲಿಸುತ್ತದೆ, ಬಸ್ಸಿನೊಳಗೆ ಅದೆಷ್ಟಿದ್ದೀತು? ನೆರಳಿನ ಜಾಗಕ್ಕೆ ನೇರ ಬೆಳಕಿನ ನೂರರಲ್ಲಿ ಎರಡು ಪಾಲು ತಲುಪಿತೆಂದು ಉದಾರವಾಗಿ ಹಿಡಿದರೂ, ಮೊದಲು ಅರ್ಧ ನಿಮಿಷ ಸಾಕಾಗಿದ್ದಲ್ಲಿ ಈಗ ಅರ್ಧ ಗಂಟೆ ಬೇಕು.

ಪರಿಹಾರ ಇದೆ. ದೀಪವನ್ನು ಒಂದೇ ಕಡೆ ನಿಲ್ಲಿಸದೆ ಸರಿಸುತ್ತ ಹೋಗಬೇಕು. ಅಥವಾ ಎರಡು ಮೂರು ಎತ್ತರದಲ್ಲಿ, ಎರಡೂ ಬದಿಗೆ ಚಾಚಿದ ತೋಳುಗಳಿರುವ ಗಾಡಿ ಬಳಸಬೇಕು. ವಿಮಾನಗಳಿಗೆಂದು ಹನಿವೆಲ್ ಕಂಪನಿ 2020ರಲ್ಲಿ ತಂದ ಗಾಡಿಯ ತೋಳುಗಳು ಸೀಟುಗಳ ನೆತ್ತಿಯ ಮೇಲೆ ಚಾಚಿಕೊಳ್ಳುವಂತೆ ಇದ್ದುದು ಇದೇ ಕಾರಣಕ್ಕೆ. ಎಷ್ಟೇ ಮಾಡಿದರೂ ಕಂಬಿಯ ಕೆಳಮೈಯನ್ನು ಕೈಯಿಂದ ಒರೆಸುವುದು ತಪ್ಪದು.

3. ಒರೆಸಿದ ಮೇಲೆಯೇ ಬೆಳಕು

ಒಂದು ಡಿಪೋದಲ್ಲಿ ದೀಪ ಹಚ್ಚುವುದನ್ನು ತೋರಿಸುತ್ತಿದ್ದಾಗ ಸ್ವಚ್ಛತೆಯ ಕೆಲಸದ ಹೆಂಗಸೊಬ್ಬರು ಕೇಳಿದರು: “ಸಾರ್, ನಾವು ಮುಂಚೆ ಒರೆಸ್ಬೇಕೋ, ನಿಮ್ಮ ಲೈಟ್ ಆದ್ಮೇಲೋ?” ಅಲ್ಲಿದ್ದ ಅಧಿಕಾರಿಗಳಲ್ಲಿ ಯಾರೂ ಕೇಳದಿದ್ದ, ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. “ಮುಂಚೇನೇ ಅಕ್ಕ” ಎಂದೆ. ಧೂಳು, ಬೆವರಿನ ಜಿಡ್ಡು, ತಲೆಗೆ ಹಚ್ಚಿದ ಎಣ್ಣೆ, ಒಣಗಿದ ಎಂಜಲು ಇವುಗಳ ತೆಳುಪದರ ಸಾಕು, ಅದರಡಿಯ ವೈರಾಣುವಿಗೆ ಬೆಳಕು ತಾಕುವುದಿಲ್ಲ. ಯುವಿ ಹಚ್ಚುತ್ತೇವೆಂದು ಒರೆಸುವವರನ್ನು ಕಡಿಮೆ ಮಾಡಿದ ಕಡೆ ನಾನು ಕೆಲಸ ಒಪ್ಪಿಕೊಂಡಿಲ್ಲ. ಆ ಹೆಂಗಸರ ಕೈಗೆ ಒಳ್ಳೆಯ ಗ್ಲೌಸು, ಒಳ್ಳೆಯ ಸೋಪು, ಬದಲಾಯಿಸಲು ಬಟ್ಟೆ ಕೊಡುವುದಕ್ಕೆ ಹಣವಿಲ್ಲದ ಡಿಪೋಗೆ ದೀಪದ ಅಗತ್ಯ ಇಲ್ಲ.

4. ವೆಲ್ಡರಿಗೆ ಗೊತ್ತಿರುವ ಕಣ್ಣುರಿ

254 ನ್ಯಾನೋಮೀಟರಿಗೆ ಮನುಷ್ಯನ ಕಣ್ಣು, ಚರ್ಮ ತಾಳಬಹುದಾದ ಮಿತಿ ಎಂದು ಬಹುಕಾಲದಿಂದ ಪಾಲಿಸಿಕೊಂಡು ಬಂದ ಅಂಕಿ ಎಂಟು ಗಂಟೆಯ ಪಾಳಿಗೆ 6 ಮಿಲಿಜೌಲ್. ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿ: ವೈರಾಣುವನ್ನು ಕೆಡಿಸುವ ಡೋಸಿಗೂ ನಮ್ಮ ಕಣ್ಣಿನ ಇಡೀ ದಿನದ ಪಾಲಿಗೂ ಅಂತರವೇ ಇಲ್ಲ. ಒಂದೇ ಒಂದು 36 ವಾಟ್ ಟ್ಯೂಬಿನಿಂದ ಒಂದು ಮೀಟರ್ ದೂರ ನಿಂತವನು ಮುಕ್ಕಾಲು ನಿಮಿಷದೊಳಗೆ ಆ ಮಿತಿ ಮುಗಿಸಿರುತ್ತಾನೆ.

ಇದರ ಕೆಟ್ಟ ಗುಣವೆಂದರೆ ಆ ಕ್ಷಣಕ್ಕೆ ಏನೂ ಅನ್ನಿಸುವುದಿಲ್ಲ. ಖಾಸಗಿ ವಾಹನಗಳ ಯಾರ್ಡೊಂದರಲ್ಲಿ ಬೇರೊಬ್ಬರು ಹಾಕಿದ ದೀಪ ಉರಿಯುತ್ತಿದ್ದಾಗ ಹುಡುಗನೊಬ್ಬ ಹಿಂಬಾಗಿಲಿನಿಂದ ಹತ್ತಿ ಮರೆತ ಬಕೆಟ್ಟು ಹುಡುಕಿದ್ದ. ಬಾಗಿಲಿಗೆ ಸ್ವಿಚ್ಚಿರಲಿಲ್ಲ, ಬೋರ್ಡಿರಲಿಲ್ಲ. ಇಳಿದು ಊಟ ಮಾಡಿ ಮಲಗಿದವನು ನಡುರಾತ್ರಿ ಕಣ್ಣಿಗೆ ಮರಳು ಹೊಯ್ದಂತಾಗಿ ಎದ್ದು ಕೂತ. ಮಾರನೆಯ ದಿನ ಕೆಂಪಗೆ ಊದಿದ ರೆಪ್ಪೆ, ನೀರು ಸುರಿಯುವ ಕಣ್ಣು, ಉರಿಯುವ ಕುತ್ತಿಗೆ. ಆ ಯಾರ್ಡಿನ ವೆಲ್ಡರಣ್ಣ ನೋಡಿದವರೇ “ಇದು ನಮ್ಮ ಆರ್ಕ್ ಬಡಿದ ಕಣ್ಣು ಕಣೋ” ಎಂದರು. ವೆಲ್ಡಿಂಗಿನ ಕಿಡಿಯಲ್ಲೂ ಇದೇ ಯುವಿ. ಎರಡು ದಿನದಲ್ಲಿ ಹುಡುಗ ಚೇತರಿಸಿಕೊಂಡ.

ಅಂದಿನಿಂದ ನನ್ನ ಷರತ್ತು ಬದಲಾಗಿಲ್ಲ. ಪ್ರತಿ ಬಾಗಿಲಿಗೆ ತೆರೆದೊಡನೆ ದೀಪ ಆರಿಸುವ ಸ್ವಿಚ್ಚು, ಒಳಗೆ ಚಲನೆ ಗುರುತಿಸುವ ಸೆನ್ಸರು, ಹಚ್ಚುವ ಬೀಗದ ಕೈ ಒಬ್ಬರ ಕೈಯಲ್ಲಿ ಮಾತ್ರ, ಹಚ್ಚಿದ ಮೇಲೆ ಅರ್ಧ ನಿಮಿಷ ಕೂಗಿ ಆಮೇಲೆ ಉರಿಯುವ ಟೈಮರು. ಮಾಮೂಲಿ ಕಿಟಕಿ ಗಾಜು ಯುವಿ-ಸಿಯನ್ನು ತಡೆಯುತ್ತದೆ, ಆದ್ದರಿಂದ ಗಾಜು ಮುಚ್ಚಿದ ಬಸ್ಸಿನ ಹೊರಗೆ ನಿಂತವರಿಗೆ ಭಯವಿಲ್ಲ. ಗಾಜು ಸರಿದು ಬಿಟ್ಟ ಒಂದು ಗೇಣಿನ ಸಂದಿನಿಂದ ಮಾತ್ರ ಅದು ನೆಟ್ಟಗೆ ಹೊರಬರುತ್ತದೆ. ಕೈ ಮೇಲೆ, ಚೀಲದ ಮೇಲೆ ಆಡಿಸುವ ಯುವಿ ಟಾರ್ಚುಗಳನ್ನು ಪ್ರಯಾಣಿಕರ ಬಳಿ ತರಲೇಬೇಡಿ; ಚರ್ಮದ ಮೇಲೆ ಯುವಿ ಬಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ.

222 ನ್ಯಾನೋಮೀಟರಿನ ಕ್ರಿಪ್ಟಾನ್ ಕ್ಲೋರೈಡ್ ದೀಪದ ಬಗ್ಗೆಯೂ ಕೇಳುತ್ತಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಡೇವಿಡ್ ಬ್ರೆನರ್ ತಂಡ ಅದು ಗಾಳಿಯಲ್ಲಿರುವ ಸಾಮಾನ್ಯ ನೆಗಡಿಯ ಕೊರೊನಾ ವೈರಾಣುಗಳನ್ನು ಬಹುಬೇಗ ಕೆಡಿಸುವುದನ್ನು 2020ರಲ್ಲಿ ತೋರಿಸಿತು. ಅದು ಚರ್ಮದ ಮೇಲಿನ ನಿರ್ಜೀವ ಪದರ ದಾಟಿ ಹೆಚ್ಚು ಒಳಗಿಳಿಯುವುದಿಲ್ಲ ಎಂಬುದೇ ಅದರ ಆಕರ್ಷಣೆ. ಒಳ್ಳೆಯ ದಾರಿ. ಆದರೆ ಸರಿಯಾದ ಫಿಲ್ಟರ್ ಇಲ್ಲದ ಅಗ್ಗದ ದೀಪ ಬೇಡ. ಜೊತೆಗೆ ಇದು ಸ್ವಲ್ಪ ಓಝೋನ್ ಹುಟ್ಟಿಸುತ್ತದೆ, ಮುಚ್ಚಿದ ಬಸ್ಸಿನಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ವೇಳಾಪಟ್ಟಿ ಒಪ್ಪದ ಯಂತ್ರ ಗೋಡೌನು ಸೇರುತ್ತದೆ

ಶಾಂಘೈಯ ಯಾಂಗಾವ್ ಬಸ್ ಸಂಸ್ಥೆ ಬಸ್ಸು ತೊಳೆಯುವ ಕೊಠಡಿಯನ್ನೇ ಯುವಿ ಕೊಠಡಿಯಾಗಿ ಮಾರ್ಪಡಿಸಿದಾಗ ಅವರಿಗಾದ ನಿಜವಾದ ಲಾಭ ಸಮಯದ್ದು. 40 ನಿಮಿಷ ಹಿಡಿಯುತ್ತಿದ್ದ ಸೋಂಕುನಿವಾರಣೆ ಐದೇ ನಿಮಿಷಕ್ಕೆ ಇಳಿಯಿತೆಂದರು. ನ್ಯೂಯಾರ್ಕಿನಲ್ಲಿ ರಾತ್ರಿಯಿಡೀ ಓಡುತ್ತಿದ್ದ ಸಬ್‌ವೇಯನ್ನು 2020ರ ಮೇ 6ರಿಂದ ರಾತ್ರಿ 1ರಿಂದ 5ರವರೆಗೆ ನಿಲ್ಲಿಸಿ ಸ್ವಚ್ಛ ಮಾಡಲು ಶುರುಮಾಡಿದರು. ಅದೇ ತಿಂಗಳು ಅಲ್ಲಿನ ಸಾರಿಗೆ ಸಂಸ್ಥೆ ಎಂಟಿಎ 10 ಲಕ್ಷ ಡಾಲರ್ ಖರ್ಚಿನಲ್ಲಿ 150 ಯುವಿ ದೀಪಗಳನ್ನು ತರಿಸಿ ರೈಲು, ಬಸ್ಸುಗಳಲ್ಲಿ ಪ್ರಯೋಗಕ್ಕಿಟ್ಟಿತು. ಎರಡೂ ಕಡೆ ವಾಹನ ರಾತ್ರಿ ಒಂದು ಕಡೆ ಬಂದು ನಿಲ್ಲುತ್ತದೆ ಎಂಬುದು ಯೋಜನೆಯ ಬುನಾದಿಯಾಗಿತ್ತು.

ನಮ್ಮಲ್ಲಿ? ರಾತ್ರಿ ಹಳ್ಳಿಯಲ್ಲೇ ಉಳಿಯುವ ಹಾಲ್ಟ್ ಬಸ್ಸುಗಳನ್ನು ನೆನೆಯಿರಿ. ರಾತ್ರಿ ಕೊನೆಯ ಪ್ರಯಾಣಿಕರನ್ನು ಇಳಿಸಿ ಊರ ಅರಳಿಕಟ್ಟೆಯ ಪಕ್ಕ ನಿಲ್ಲುತ್ತದೆ; ಡ್ರೈವರ್, ಕಂಡಕ್ಟರ್ ಅದರೊಳಗೇ ಮಲಗುತ್ತಾರೆ; ನಸುಕಿನಲ್ಲಿ ಹಾಲಿನ ಕ್ಯಾನು, ಕಾಲೇಜು ಹುಡುಗರನ್ನು ಹತ್ತಿಸಿಕೊಂಡು ತಾಲ್ಲೂಕಿಗೆ ಹೊರಡುತ್ತದೆ. ಆ ಬಸ್ಸು ಡಿಪೋದ ಯುವಿ ಕೊಠಡಿಯನ್ನು ಯಾವಾಗ ಕಂಡೀತು? ಡಿಪೋಗೆ ಬರುವ ಬಸ್ಸುಗಳಾದರೂ ಡೀಸೆಲ್, ತೊಳೆತ, ಬ್ರೇಕ್ ತಪಾಸಣೆ ಮುಗಿಸಿ ನಾಲ್ಕೂವರೆಗೆ ಹೊರಡಬೇಕು. ಇಂಥ ಕಡೆ ಬಸ್ಸಿಗೆ ಅರ್ಧ ಗಂಟೆಯ ಯುವಿ ಎಂದರೆ ಮೊದಲ ವಾರ ಫೋಟೋ ತೆಗೆಸಿ ಆಮೇಲೆ ಬಿಡುತ್ತಾರೆ. ಟ್ರಾಫಿಕ್ ಇನ್‌ಸ್ಪೆಕ್ಟರರನ್ನೂ ಮೆಕ್ಯಾನಿಕ್ಕನ್ನೂ ಕೂರಿಸಿಕೊಂಡು ಷೆಡ್ಯೂಲು ನೋಡದೆ ನಾನು ಈಗ ಕೊಟೇಶನ್ನು ಕಳಿಸುವುದಿಲ್ಲ.

6. ವೈರಾಣು ಸೀಟಿಗಿಂತ ಹೆಚ್ಚು ಗಾಳಿಯಲ್ಲಿದೆ

ಉಳಿದ ಎಲ್ಲ ಪಾಠಗಳಿಗಿಂತ ಇದು ದೊಡ್ಡದು. 2020ರ ಮಾರ್ಚ್‌ನಲ್ಲಿ ಬಂದ ಒಂದು ಅಧ್ಯಯನ ಈ ವೈರಾಣು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆಯವರೆಗೆ ಪತ್ತೆಯಾಗುತ್ತದೆಂದು ಹೇಳಿದ್ದೇ ತಡ, ಪ್ರಪಂಚವೆಲ್ಲ ಸೀಟು, ಕಂಬಿ ಒರೆಸಲು ನಿಂತಿತು. ನಾವೂ ಸೀಟಿಗೆ ಬೆಳಕು ಬಿಟ್ಟೆವು. ಬರಬರುತ್ತ ತಿಳಿದದ್ದು ಬೇರೆ. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿನ ಮೇಲ್ಮೈ ಮುಟ್ಟಿದ ಪ್ರತಿ ಸಲಕ್ಕೆ ಕೋವಿಡ್ ಅಂಟುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದಿತು.

ಬಸ್ಸಿನದೇ ಸಾಕ್ಷಿ ಬೇಕೆಂದರೆ ಚೀನಾದ ನಿಂಗ್‌ಬೋ ಊರಿನ ಪ್ರಕರಣ ಇದೆ. 2020ರ ಜನವರಿ 19ರಂದು ಎರಡು ಬಸ್ಸುಗಳಲ್ಲಿ ಜನ ಬೌದ್ಧ ದೇವಾಲಯದ ಪೂಜೆಗೆ ಹೊರಟರು. ಹೋಗಲು 50 ನಿಮಿಷ, ಬರಲು 50 ನಿಮಿಷ. ಒಂದು ಬಸ್ಸಿನಲ್ಲಿದ್ದ 68 ಜನರಲ್ಲಿ ಒಬ್ಬರಿಗೆ ಸೋಂಕಿತ್ತು. ಆ ಬಸ್ಸಿನ ಇನ್ನೂ 23 ಮಂದಿಗೆ ಅಂಟಿತು. ಇನ್ನೊಂದು ಬಸ್ಸಿನ 60 ಜನರಲ್ಲಿ ಒಬ್ಬರಿಗೂ ಇಲ್ಲ. ಸೋಂಕಿತರ ಹತ್ತಿರದ ಸಾಲಿನವರಿಗೂ ದೂರದ ಸಾಲಿನವರಿಗೂ ಅಪಾಯದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಬಸ್ಸಿನ ಹವಾನಿಯಂತ್ರಣ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತಿತ್ತು. ತೆರೆಯಬಹುದಾದ ಕಿಟಕಿಗಳ ಪಕ್ಕ ಕುಳಿತವರಲ್ಲಿ ಸೋಂಕು ತಗುಲಿದ್ದು ಒಬ್ಬರಿಗೆ ಮಾತ್ರ; ಡ್ರೈವರಿಗೆ, ಬಾಗಿಲ ಬಳಿ ಇದ್ದವರಿಗೆ ಇಲ್ಲವೇ ಇಲ್ಲ. ಈ ವರದಿ ಓದಿದ ಮೇಲೆ ಸೀಟಿಗೆ ಬೆಳಕು ಹಿಡಿಯುವುದರಲ್ಲಿ ನನ್ನ ಉತ್ಸಾಹ ಕುಂದಿತು.

ಇದಕ್ಕಿಂತ ಎಂಟು ದಶಕ ಹಿಂದಿನ ಸಾಕ್ಷಿಯೂ ಇದೆ. ವಿಲಿಯಂ ವೆಲ್ಸ್ ಎಂಬ ಅಮೆರಿಕದ ವಿಜ್ಞಾನಿ ಫಿಲಡೆಲ್ಫಿಯಾದ ಶಾಲಾ ಕೋಣೆಗಳ ಮೇಲ್ಭಾಗದಲ್ಲಿ ಯುವಿ ದೀಪ ಹಾಕಿ, 1941ರ ದಡಾರದ ಅಲೆಯಲ್ಲಿ ಆ ಕೋಣೆಗಳ ಮಕ್ಕಳಿಗೆ ರೋಗ ಬಹಳ ಕಡಿಮೆ ಹರಡಿದ್ದನ್ನು ತೋರಿಸಿದರು. ನ್ಯೂಯಾರ್ಕ್ ರಾಜ್ಯದ ಹಳ್ಳಿ ಶಾಲೆಗಳಲ್ಲಿ ಅದನ್ನೇ ಮಾಡಿ 1947ರಲ್ಲಿ ಪ್ರಕಟಿಸಿದ ಪರೀಕ್ಷೆ ಮಾತ್ರ ಅಂಥ ಫಲ ಕೊಡಲಿಲ್ಲ. ಕಾರಣ ಹುಡುಕಿದವರು ಬೊಟ್ಟು ಮಾಡಿದ್ದು ಶಾಲಾ ಬಸ್ಸಿನ ಕಡೆಗೆ. ತರಗತಿಯಲ್ಲಿ ಬೆಳಕಿನಡಿ ಕುಳಿತ ಮಕ್ಕಳೇ ಬೆಳಿಗ್ಗೆ, ಸಂಜೆ ದೀಪವಿಲ್ಲದ ಬಸ್ಸುಗಳಲ್ಲಿ ಒತ್ತೊತ್ತಾಗಿ ಕುಳಿತು ಬರುತ್ತಿದ್ದರು. ಸಾರ್ವಜನಿಕ ಸಾರಿಗೆಯ ಗಾಳಿಯನ್ನು ಯಾಕೆ ಶುದ್ಧ ಮಾಡಬೇಕೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಮಕ್ಕಳ ಕತೆಯನ್ನೇ.

7. ದೀಪದ ಸರಿಯಾದ ಮನೆ ಎ.ಸಿ.ಯ ಒಳಗೆ

ಗಾಳಿ ಸುತ್ತಿ ಬರುವ ದಾರಿಯಲ್ಲೇ ದೀಪ ಇಟ್ಟರೆ ಪ್ರಯಾಣಿಕರು ಇದ್ದಾಗಲೂ ಅದು ಉರಿಯಬಹುದು. ಬೆಳಕು ತಗಡಿನ ಪೆಟ್ಟಿಗೆಯೊಳಗೇ ಉಳಿಯುತ್ತದೆ, ಕಣ್ಣಿಗೆ ತಾಕುವುದಿಲ್ಲ. ಸೋಂಕಿತರು ಕೆಮ್ಮುತ್ತಿರುವ ಹೊತ್ತಿನಲ್ಲೇ ಅದು ಕೆಲಸ ಮಾಡುತ್ತದೆ. ರಾತ್ರಿ ಡಿಪೋದಲ್ಲಿ ಸೀಟಿಗೆ ಹಿಡಿದ ಬೆಳಕು ಬೆಳಿಗ್ಗೆ ಹತ್ತಿದ ಮೊದಲ ಸೋಂಕಿತರ ಮುಂದೆ ನಿಷ್ಪ್ರಯೋಜಕ.

ಚಂಡೀಗಡದ ಸಿಎಸ್‌ಐಆರ್-ಸಿಎಸ್‌ಐಒ ಸಂಸ್ಥೆ ಗಾಳಿ ನಾಳದೊಳಗಿನ ಯುವಿ-ಸಿ ವ್ಯವಸ್ಥೆಯನ್ನು ರೂಪಿಸಿತು. 2022ರ ಸೆಪ್ಟೆಂಬರಿನಲ್ಲಿ ಹಳಿಗಿಳಿದ ಎರಡನೇ ಪೀಳಿಗೆಯ ವಂದೇ ಭಾರತ್ ರೈಲುಗಳ ಚಾವಣಿಯ ಎ.ಸಿ. ಘಟಕಗಳಲ್ಲಿ ಯುವಿ ಗಾಳಿ ಶುದ್ಧೀಕರಣ ಅಳವಡಿಸಿದ್ದು ಅದೇ ಸಂಸ್ಥೆಯ ಶಿಫಾರಸಿನಂತೆ. ಆ ವರ್ಷದ ನವೆಂಬರ್ 11ರಂದು ಬೆಂಗಳೂರಿನಲ್ಲಿ ಹಸಿರು ನಿಶಾನೆ ಕಂಡ ಮೈಸೂರು–ಚೆನ್ನೈ ರೈಲು ಆ ಪೀಳಿಗೆಯದೇ. ದಕ್ಷಿಣದ ಪ್ರಯಾಣಿಕರಿಗೆ ಈ ತಂತ್ರಜ್ಞಾನ ಹತ್ತಿರ ಬಂದದ್ದು ಹೀಗೆ.

ಆದರೆ ನಾಳದೊಳಗಿನ ಲೆಕ್ಕ ಕಠಿಣ. ಗಾಳಿ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಅರ್ಧ ಮೀಟರಿನ ಬೆಳಕಿನ ಪಟ್ಟಿ ದಾಟಿದರೆ ಬೆಳಕಿನ ಮುಂದೆ ಅದು ಇರುವುದು ಕಾಲು ಸೆಕೆಂಡು. ಒದ್ದೆ ಮೇಲ್ಮೈಗಿಂತ ಗಾಳಿಯಲ್ಲಿ ತೇಲುವ ವೈರಾಣುವಿಗೆ ಕಡಿಮೆ ಡೋಸ್ ಸಾಕು, ಒಂದೇ ಗಾಳಿ ಹತ್ತಾರು ಸುತ್ತು ಬರುತ್ತದೆ, ಹಾಗಾಗಿ ಒಂದೇ ಸುತ್ತಿನಲ್ಲಿ ಎಲ್ಲ ಮುಗಿಯಬೇಕಿಲ್ಲ. ಆದರೂ ಎ.ಸಿ.ಯ ತಂಪು ಕಾಯಿಲಿನ ಮೇಲೆ ಬೂಷ್ಟು ಬೆಳೆಯದಿರಲೆಂದು ಹಾಕುವ ಸಣ್ಣ ದೀಪವನ್ನೇ ‘ವೈರಸ್ ಕೊಲ್ಲುತ್ತದೆ’ ಎಂದು ಮಾರುವುದು ಅನ್ಯಾಯ. ಕಾಯಿಲು ಕದಲದೆ ದಿನವಿಡೀ ಬೆಳಕಿನ ಮುಂದಿರುತ್ತದೆ, ಗಾಳಿ ಹಾಗಲ್ಲ.

ಇನ್ನೊಂದು ತೊಡಕು ತಣ್ಣನೆಯ ಗಾಳಿಯದು. ಪಾದರಸದ ಟ್ಯೂಬು ಗರಿಷ್ಠ ಬೆಳಕು ಕೊಡುವುದು ಅದರ ಗೋಡೆ 40 ಡಿಗ್ರಿ ಆಸುಪಾಸಿನಲ್ಲಿದ್ದಾಗ. ಕಾಯಿಲಿನಿಂದ ಹೊರಟ ತಂಪುಗಾಳಿ ಅದರ ಮೇಲೆ ಬೀಸಿದರೆ ಪಾದರಸದ ಆವಿಯ ಒತ್ತಡ ಇಳಿದು ಬೆಳಕು ಕುಗ್ಗುತ್ತದೆ. ಶೆಡ್ಡಿನ ಮೇಜಿನ ಮೇಲೆ ಅಳೆದ ಅಂಕಿ ಓಡುವ ಬಸ್ಸಿನಲ್ಲಿ ಸಿಗುವುದಿಲ್ಲ. ಸಾಧ್ಯವಿದ್ದಲ್ಲಿ ದೀಪವನ್ನು ಒಳಹೋಗುವ ಬೆಚ್ಚನೆಯ ಗಾಳಿಯ ಕಡೆ ಇಡಬೇಕು, ಇಲ್ಲವೇ ತಂಪು ತಾಳುವ ಅಮಾಲ್ಗಮ್ ದೀಪ ಹಾಕಬೇಕು. ಜೊತೆಗೆ ನಮ್ಮ ರಸ್ತೆಯ ಕುಲುಕಾಟ. ಟ್ಯೂಬಿನ ಎರಡೂ ತುದಿಗೆ ಸಿಲಿಕೋನ್ ಹಿಡಿ, ಪಿನ್ನುಗಳಿಗೆ ಬೀಗ ಬೀಳುವ ಹೋಲ್ಡರು, ಒಡೆದರೆ ಚೂರು ಬ್ಲೋಯರಿಗೆ ಹೋಗದಂತೆ ತಡೆ ಬೇಕೇಬೇಕು. ಬಸ್ಸಿನ 24 ವೋಲ್ಟ್ ಡಿ.ಸಿ.ಗೆಂದೇ ಮಾಡಿದ ಬ್ಯಾಲಸ್ಟ್ ಹಾಕಿ. ಇನ್ವರ್ಟರ್ ಹಚ್ಚಿ ಮನೆಯ ಚೋಕು ಸಿಕ್ಕಿಸಿದ ಕೆಲಸ ಹೆಚ್ಚು ದಿನ ಬಾಳುವುದಿಲ್ಲ.

8. ಕಿಟಕಿ ಇರುವ ಬಸ್ಸಿಗೆ ಕಿಟಕಿಯೇ ಸಾಕು

ಗಾಜು ಸರಿಸಿ ಓಡುವ ಕೆಂಪು ಬಸ್ಸಿನೊಳಗಿನ ಗಾಳಿ ಬದಲಾಗುವ ವೇಗಕ್ಕೆ ಯಾವ ದೀಪವೂ ಸಾಟಿಯಲ್ಲ. ಅಂಥ ಬಸ್ಸಿನ ಮಾಲೀಕರು ದೀಪ ಕೇಳಿದರೆ, ಗಟ್ಟಿಯಾಗಿ ಹಿಡಿದುಕೊಂಡ ಕಿಟಕಿಗಳನ್ನು ಮೊದಲು ಸಡಿಲಿಸಿಕೊಳ್ಳಿ ಎನ್ನುತ್ತೇನೆ. ಜಾರುಪಟ್ಟಿಯಲ್ಲಿ ಧೂಳು ಕೂತು ಸರಿಯದ ಗಾಜುಗಳೇ ಎಷ್ಟೋ. ಚಾವಣಿಯ ಗಾಳಿಕಿಂಡಿಯನ್ನು ಮಳೆ ಸೋರುತ್ತದೆಂದು ಸೀಲು ಮಾಡಿರುತ್ತಾರೆ. ಅದರ ರಬ್ಬರು ಬದಲಿಸಿದರೆ ಸೋರುವುದಿಲ್ಲ. ದೀಪ ಬೇಕಾಗಿರುವುದು ಕಿಟಕಿಯೇ ತೆರೆಯದ ಎ.ಸಿ. ಬಸ್ಸು, ಸ್ಲೀಪರ್ ಕೋಚು, ಮೆಟ್ರೊ, ಎ.ಸಿ. ಬೋಗಿಗಳಿಗೆ.

9. ನೀಲಿಯಾಗಿ ಉರಿದರೆ ಸಾಲದು

ಕಣ್ಣಿಗೆ ಕಾಣುವ ನೀಲಿ ಬೆಳಕಿಗೂ ಯುವಿ-ಸಿಗೂ ಸಂಬಂಧ ಕಡಿಮೆ. ಒಳ್ಳೆಯ ಟ್ಯೂಬಿನ ಆಯುಷ್ಯ ಸುಮಾರು 9,000 ಗಂಟೆ. ಆಮೇಲೂ ಅದು ಚೆಂದವಾಗಿ ನೀಲಿಯಾಗಿಯೇ ಉರಿಯುತ್ತಿರುತ್ತದೆ, ಒಳಗೆ ಯುವಿ ಇಳಿದುಹೋಗಿರುತ್ತದೆ. ಗಾಜಿಗೆ ಧೂಳು ಹಿಡಿದರೂ ಅಷ್ಟೇ. ಬರಿಗೈಯಲ್ಲಿ ಹಿಡಿದು ಕೂರಿಸಿದರೆ ಬೆರಳಿನ ಜಿಡ್ಡು ಕ್ವಾರ್ಟ್ಜ್ ಮೇಲೆ ಸುಟ್ಟು ಕಲೆಯಾಗಿ ಉಳಿಯುತ್ತದೆ. ಹತ್ತಿಯ ಗ್ಲೌಸು ಹಾಕಿ ಕೂರಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ.

254ಕ್ಕೆಂದೇ ಸರಿಹೊಂದಿಸಿದ ಯುವಿ-ಸಿ ಮೀಟರು ಇಲ್ಲದವರು ಈ ಕೆಲಸಕ್ಕೆ ಇಳಿಯಬಾರದು. ಬಸ್ಸಿನ ಬೇರೆ ಬೇರೆ ಮೂಲೆಗಳಿಗೆ ಬಣ್ಣ ಬದಲಾಯಿಸುವ ಡೋಸ್ ಕಾರ್ಡು ಅಂಟಿಸುವುದು ಅಗ್ಗದ, ಎಲ್ಲರಿಗೂ ಅರ್ಥವಾಗುವ ಉಪಾಯ. ಸೀಟಿನಡಿಯ ಕಾರ್ಡು ಬಣ್ಣ ಬದಲಾಯಿಸದೆ ಹಾಗೇ ಉಳಿದದ್ದನ್ನು ಕೈಯಲ್ಲಿ ಹಿಡಿದು ತೋರಿಸಿದಾಗ ಮ್ಯಾನೇಜರುಗಳಿಗೆ ನೆರಳಿನ ವಿಷಯ ಒಂದೇ ಏಟಿಗೆ ತಿಳಿಯುತ್ತದೆ.

10. ರೆಕ್ಸಿನು, ರಬ್ಬರು, ಪಾದರಸ

ನಿತ್ಯ ಯುವಿ-ಸಿ ಬಿದ್ದರೆ ರೆಕ್ಸಿನು ಹಳದಿಗಟ್ಟಿ ಸೀಳುತ್ತದೆ, ಕಿಟಕಿಯ ರಬ್ಬರು ಬಿರಿಯುತ್ತದೆ, ವೈರಿನ ಹೊದಿಕೆ ಪುಡಿಯಾಗುತ್ತದೆ. ನಾಳದೊಳಗೆ ವೈರು, ಪ್ಲಾಸ್ಟಿಕ್ ಫಿಲ್ಟರು ಇದ್ದರೆ ಅವಕ್ಕೆ ಅಲ್ಯೂಮಿನಿಯಂ ಹೊದಿಸಿ. ಕೆಲವು ಟ್ಯೂಬುಗಳು 185 ನ್ಯಾನೋಮೀಟರನ್ನೂ ಹೊರಬಿಟ್ಟು ಓಝೋನ್ ಹುಟ್ಟಿಸುತ್ತವೆ. ಬಸ್ಸಿಗೆ ‘ಓಝೋನ್ ರಹಿತ’ ಟ್ಯೂಬು ಮಾತ್ರ. ಹಳೆಯ ಟ್ಯೂಬಿನಲ್ಲಿ ಪಾದರಸವಿದೆ, ಇ-ತ್ಯಾಜ್ಯ ನಿಯಮದ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೆ ಹೋಗಬೇಕು. ಗುಜರಿ ಗಾಡಿಗೆ ಹಾಕಬಾರದು.

11. ಸಿಬ್ಬಂದಿಯ ಕೋಣೆ ಮರೆಯಬೇಡಿ

ಕೋವಿಡ್ ತಣ್ಣಗಾದ ಮೇಲೆ ಸೀಟಿಗೆ ಬೆಳಕು ಹಿಡಿಯುವ ಗೋಪುರಗಳು ಮೂಲೆ ಸೇರಿದವು. ಅವುಗಳ ಟ್ಯೂಬು, ಬ್ಯಾಲಸ್ಟ್ ಇನ್ನೂ ಚೆನ್ನಾಗಿವೆ, ಏನು ಮಾಡೋಣ ಎಂದು ಕೇಳುವವರನ್ನು ನಾನು ಡಿಪೋದ ವಿಶ್ರಾಂತಿ ಕೊಠಡಿಗೆ ಕರೆದೊಯ್ಯುತ್ತೇನೆ. ಅಲ್ಲಿ ರಾತ್ರಿ ಡ್ರೈವರು, ಕಂಡಕ್ಟರುಗಳು ಮಗ್ಗುಲಿಗೆ ಮಗ್ಗುಲು ಮಲಗುತ್ತಾರೆ. ಮಳೆಗಾಲ, ಚಳಿಗಾಲದಲ್ಲಿ ಕಿಟಕಿ ಮುಚ್ಚಿರುತ್ತದೆ, ಸೊಳ್ಳೆಗೂ ಹೆದರಿ ಮುಚ್ಚುತ್ತಾರೆ. ನಮ್ಮ ದೇಶದಲ್ಲಿ ಕ್ಷಯ ಇನ್ನೂ ಗಾಳಿಯಲ್ಲೇ ಹರಡುತ್ತಿದೆ. ಪೆರುವಿನ ಲಿಮಾದ ಆಸ್ಪತ್ರೆಯೊಂದರ ಕ್ಷಯದ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳಿಗೆ ಉಸಿರಾಡಲು ಬಿಟ್ಟು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯುವಿ ಇಲ್ಲದ ಗಾಳಿ ಉಸಿರಾಡಿದವುಗಳಲ್ಲಿ ಶೇ. 35ಕ್ಕೆ ಸೋಂಕು ತಗುಲಿತು. ಕೋಣೆಯ ಮೇಲ್ಭಾಗದಲ್ಲಿ ಯುವಿ ಉರಿದಾಗ ಶೇ. 9.5ಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಕ್ಷಯ ಮಾರ್ಗಸೂಚಿ ಈ ವಿಧಾನವನ್ನು ಶಿಫಾರಸು ಮಾಡಿದೆ.

ಬಸ್ಸಿನ ಚಾವಣಿ ತಗ್ಗು, ಅಲ್ಲಿ ಈ ವಿಧಾನ ಆಗದು. ವಿಶ್ರಾಂತಿ ಕೊಠಡಿ, ಟಿಕೆಟ್ ಕೌಂಟರು, ನಿಲ್ದಾಣದ ನಿರೀಕ್ಷಣಾ ಕೋಣೆಗಳಲ್ಲಿ ಆಗುತ್ತದೆ. ಗೋಪುರದ ದೀಪವನ್ನು ಹಾಗೇ ಗೋಡೆಗೆ ನೇತುಹಾಕುವಂತಿಲ್ಲ. ಬೆಳಕು ಕೆಳಗೆ ಬೀಳದಂತೆ ಅಡ್ಡಪಟ್ಟಿಗಳಿರುವ, ಚಾವಣಿಗೆ ಸಮಾನಾಂತರವಾಗಿ ಮಾತ್ರ ಚೆಲ್ಲುವ ಪೆಟ್ಟಿಗೆಯೊಳಗೆ ಅದನ್ನು ಕೂರಿಸಬೇಕು. ನೆಲದಿಂದ ಕನಿಷ್ಠ ಏಳಡಿ ಎತ್ತರ, ಅದರ ಮೇಲೆ ಇನ್ನೂ ಒಂದಡಿಯಾದರೂ ಜಾಗ ಇರಬೇಕು. ಕೆಳಗಿನ ಗಾಳಿ ಮೇಲೇರಿ ಬೆಳಕಿಗೆ ತಾಕಿ ಇಳಿಯಲೆಂದು ಫ್ಯಾನು ನಿಧಾನವಾಗಿ ತಿರುಗುತ್ತಿರಬೇಕು. ಹಚ್ಚಿದ ಮೇಲೆ ನಿಂತವರ ಕಣ್ಣಿನ ಎತ್ತರದಲ್ಲಿ ಮೀಟರು ಹಿಡಿದು ನೋಡಿ: ಎಂಟು ಗಂಟೆಯ ಸರಾಸರಿಗೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋವಾಟ್ ಮೀರಬಾರದು. ಕೋಣೆಯಲ್ಲಿ ಎರಡಂತಸ್ತಿನ ಮಂಚಗಳಿದ್ದರೆ ಅಳತೆ ಅಲ್ಲಿಗೆ ಮುಗಿಯುವುದಿಲ್ಲ. ಮೇಲಿನ ಮಂಚ ಹತ್ತಿ, ದಿಂಬು ಇರುವ ಜಾಗದಲ್ಲಿ ಮೀಟರು ಇಟ್ಟು ಅಳೆಯಿರಿ. ಅಲ್ಲಿ ಅಂಕಿ ಹೆಚ್ಚಿದ್ದರೆ ದೀಪ ಹಚ್ಚುವ ಮೊದಲು ಆ ಮಂಚವನ್ನು ಕೆಳಗಿಳಿಸಿ.